ಮೂರು ಸೆಕೆಂಡಿನ ಬೆನ್ನು

ಪ್ರತಿ ವರ್ಷದ ಸಿನಿಮಾ ಪ್ರಶಸ್ತಿ ಸಮಾರಂಭದಲ್ಲಿ, ಅತ್ಯುತ್ತಮ ನಟಿಗೂ ಅತ್ಯುತ್ತಮ ನಟನಿಗೂ ನಡುವೆ, ಆ ವರ್ಷ ತೀರಿಕೊಂಡವರ ಮುಖಗಳನ್ನು ತೋರಿಸುತ್ತಾರೆ. ಆ ತುಣುಕುಗಳನ್ನು ಜೋಡಿಸುವುದು ನನ್ನ ಕೆಲಸ. ತಲೆಗೆ ಮೂರು ಸೆಕೆಂಡು. ಸತ್ತವರು ದೊಡ್ಡವರಾದರೆ ಐದು. ಹತ್ತು ವರ್ಷದಿಂದ ಮಾಡುತ್ತಿದ್ದೇನೆ, ಕೈಗೆ ರೂಢಿಯಾಗಿದೆ.

ಈ ಸಲದ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಹೆಸರು ನಮ್ಮಣ್ಣನದು. ಹೀರೋ ಬದಲಿಗೆ ಬೀಳುವುದು, ಹಾರುವುದು, ಒದೆ ತಿನ್ನುವುದು ಅವನ ಕಸುಬು. ಸೆಟ್ಟಿನಲ್ಲಿ ಎಲ್ಲರೂ ಅವನನ್ನು ‘ಬೆನ್ನು’ ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿಯಿಂದ ಬಿದ್ದರೂ ಮೈ ಕೊಡವಿಕೊಂಡು ಏಳುತ್ತಿದ್ದ ಆಸಾಮಿ, ಬಚ್ಚಲಲ್ಲಿ ಕಾಲು ಜಾರಿ ಹೋಗಿಬಿಟ್ಟ. ಸುದ್ದಿ ಕೇಳಿದವರಲ್ಲಿ ಇಬ್ಬರಿಗೆ ನಗು ಬಂತು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಅವತ್ತಿನಿಂದ ನನಗೆ ಏನೂ ಬರುತ್ತಿಲ್ಲ, ಅಳು ಕೂಡ.

ಅಮ್ಮ ಕೇಳಿದ್ದು ಒಂದೇ. “ಅಷ್ಟು ದೊಡ್ಡ ಪರದೆ ಮೇಲೆ ಒಂದ್ಸಲ ಅವನ ಮುಖ ನೋಡ್ಬೇಕು ಕಣೆ. ಇಪ್ಪತ್ತೆರಡು ವರ್ಷ ದುಡಿದಿದಾನೆ.”

“ಆಯ್ತಮ್ಮ” ಎಂದೆ.

ಮನೆಯ ಫೋಟೋ ಹಾಕುವಂತಿಲ್ಲ, ಸಿನಿಮಾದಲ್ಲಿ ಬಂದದ್ದೇ ಆಗಬೇಕು ಎನ್ನುವುದು ಸಮಿತಿಯ ನಿಯಮ. ಕಾರ್ಯದರ್ಶಿಯನ್ನು ಕೇಳಿಕೊಂಡೆ.

“ನಿಮಗೊಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಮದುವೆ ಆಲ್ಬಮ್ ಹಿಡ್ಕೊಂಡು ಬರ್ತಾರೆ ಮೇಡಂ” ಎಂದರು. ಮಾತು ಸರಿಯೇ.

ನಾಲ್ಕು ವಾರ ಕೂತು ಅಣ್ಣ ಕೆಲಸ ಮಾಡಿದ ಅರವತ್ತು ಸಿನಿಮಾ ನೋಡಿದೆ. ಬೆನ್ನು, ಬೆನ್ನು, ಮೊಣಕೈ, ಹೆಲ್ಮೆಟ್ಟು, ಮತ್ತೆ ಬೆನ್ನು. ಕೆಂಪು ಅಂಗಿಯವನು ಸೇತುವೆಯಿಂದ ನದಿಗೆ ಹಾರುವ ದೃಶ್ಯ ಬಂದಾಗ ನನ್ನ ಕೈ ನಿಂತಿತು. ಅದು ನಾನು ಎಡಿಟಿಂಗ್ ಮಾಡಿದ ಮೊದಲ ಸಿನಿಮಾ. ಅವತ್ತು ನನ್ನ ಕೈಗೆ ಬಂದ ಶಾಟಿನಲ್ಲಿ, ಹಾರುವ ಮುಂಚೆ ಅಣ್ಣ ಕ್ಯಾಮೆರಾ ಕಡೆ ತಿರುಗಿಬಿಟ್ಟಿದ್ದ. ಹೀರೋ ಬಟ್ಟೆಯಲ್ಲಿ ಅವನ ಮುಖ, ಸಣ್ಣ ನಗು. ಎಡಿಟಿಂಗಿಗೆ ಕೂರುವವಳು ತಂಗಿ ಅಂತ ಗೊತ್ತಿತ್ತಲ್ಲ, ತುಂಟತನ. ಡೂಪಿನ ಮುಖ ಕಂಡರೆ ಕತ್ತರಿಸಲೇಬೇಕು, ಕತ್ತರಿಸಿದೆ. ಊಟಕ್ಕೆ ಕೂತಾಗ ಹೇಳಿದರೆ, “ಸದ್ಯ, ನನ್ನ ಕೆಲಸ ಉಳಿಸ್ದೆ ಕಣೆ” ಎಂದಿದ್ದ. ಆಮೇಲೆ ಯಾವ ಸಿನಿಮಾದಲ್ಲೂ ಅವನು ತಿರುಗಲಿಲ್ಲ.

ಕತ್ತರಿಸಿದ ಚೂರುಗಳನ್ನು ಯಾರೂ ಎತ್ತಿಡುವುದಿಲ್ಲ. ಆದರೂ ಎರಡು ಕಡೆ ಫೋನ್ ಮಾಡಿ ವಿಚಾರಿಸಿದೆ. ಇರಲಿಲ್ಲ. ಕೊನೆಗೆ ಆ ಸೇತುವೆಯ ಬೆನ್ನನ್ನೇ ಹಾಕಿದೆ. ಅಮ್ಮನಿಗೆ ಏನೂ ಹೇಳಲಿಲ್ಲ.

ಸಮಾರಂಭದಲ್ಲಿ ಅಮ್ಮನ ಪಕ್ಕ ಕೂತೆ. ಇಪ್ಪತ್ತಾರನೆಯವರು ಹೋದರು, ಸೇತುವೆ ಬಂತು. ಕೆಂಪು ಅಂಗಿ ಕಂಡದ್ದೇ ತಡ, ಸಭಾಂಗಣದ ತುಂಬ ಶಿಳ್ಳೆ, ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಆ ಸಿನಿಮಾದ ಹೀರೋ ಎದ್ದು ಕೈ ಬೀಸಿದ. ಪಾಪ, ಅಭ್ಯಾಸಬಲ. ಪರದೆಯ ಕೆಳಗೆ ಅಣ್ಣನ ಹೆಸರಿತ್ತು, ಓದುವವರು ಯಾರು?

ಅಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಇಪ್ಪತ್ತೆಂಟನೆಯವರ ಮುಖ ಬಂದಮೇಲೂ ಹಾಗೇ ಕೂತಿದ್ದಳು.

“ಒಂದ್ಸಲಾನಾದ್ರೂ ಈ ಕಡೆ ತಿರುಗ್ಬಾರ್ದಿತ್ತೇನೆ ಅವನು?”

“ತಿರುಗಿದ್ದ ಅಮ್ಮ” ಎಂದೆ. “ನಾನೇ ಕತ್ತರಿಸಿದೆ.”