ಬಾಗಿಲು ದಾಟದ ಮಾತು

ಬೆಳಗಿನ ಅಭ್ಯಾಸ ಮುಗಿಯುವ ಹೊತ್ತಿಗೆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಆ ಸಣ್ಣ ಕೋಣೆಯ ಮುಂದೆ ಮಕ್ಕಳ ಸಾಲು ಇದ್ದೇ ಇರುತ್ತಿತ್ತು. ಮೊದಲು ಅಲ್ಲಿ ಹರಿದ ಬಲೆ, ಗಾಳಿ ಹೋದ ಚೆಂಡುಗಳನ್ನು ತುಂಬಿಡುತ್ತಿದ್ದರು. ಈಗ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. ಕುರ್ಚಿಯಲ್ಲಿ ಮನಸ್ಸಿನ ಮೇಷ್ಟ್ರು. ಆ ಹೆಸರಿಟ್ಟವರು ಮಕ್ಕಳೇ. ಕೈಕಾಲು ಪಳಗಿಸೋಕೆ ಕೋಚ್ ಇದ್ದಾರೆ, ಮನಸ್ಸು ಪಳಗಿಸೋಕೆ ಇವರು, ಅಂತ.

"ಸರ್, ನಿನ್ನೆ ಕನಸಲ್ಲೂ ಹರ್ಡಲ್‌ಗೆ ಎಡವಿ ಬಿದ್ದೆ," ಎಂದು ಒಬ್ಬ ಅಳುಮೋರೆ ಹಾಕಿದರೆ, "ಕನಸಲ್ಲಿ ಬಿದ್ರೆ ಮಂಡಿ ತರಚಲ್ವಲ್ಲೋ, ಪುಣ್ಯವಂತ! ಇವತ್ತು ರಾತ್ರಿ ಇನ್ನೆರಡು ಸಲ ಬೀಳು, ನಾಳೆ ಬೀಳೋಕೇ ಬೇಜಾರಾಗುತ್ತೆ," ಎನ್ನುವರು ಮೇಷ್ಟ್ರು. ಹುಡುಗ ಹಲ್ಲು ಕಿರಿದುಕೊಂಡು ಹೊರಗೆ ಓಡುವನು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಾಲದಲ್ಲಿ ತಾವೇ ಓಟಗಾರರಾಗಿದ್ದವರು. ಮಂಡಿ ಕೈಕೊಟ್ಟ ಮೇಲೆ ಕಂಪ್ಯೂಟರ್ ಮುಂದೆ ಕೂತು ಕೆಲವೇ ವಾರಗಳ ಒಂದು ಕೋರ್ಸ್ ಮುಗಿಸಿದ್ದರು. ಅವರ ಕಲಿಕೆ ಅಷ್ಟೇ. ಉಳಿದದ್ದು ಅನುಭವ, ಮತ್ತೆ ಮಕ್ಕಳ ಮೇಲಿನ ಅಕ್ಕರೆ.

ತಮ್ಮ ಬಳಿ ಹೊಸದಾಗಿ ಬಂದ ಪ್ರತಿ ಮಗುವಿಗೂ ಮೊದಲ ದಿನವೇ ಒಂದು ಮಾತು ಕೊಡುತ್ತಿದ್ದರು. "ಇಲ್ಲಿ ಹೇಳಿದ್ದು ಈ ಬಾಗಿಲು ದಾಟಲ್ಲ. ಅಪ್ಪ ಅಮ್ಮ ಕೇಳಿದ್ರೂ ಸರಿ, ಕೋಚ್ ಕೇಳಿದ್ರೂ ಸರಿ. ನನ್ನಾಣೆ." ಕೊಟ್ಟ ಮಾತನ್ನು ಅವರು ಒಮ್ಮೆಯೂ ಮುರಿದಿರಲಿಲ್ಲ. ಮಕ್ಕಳು ಅವರನ್ನು ಅಷ್ಟು ಹಚ್ಚಿಕೊಂಡಿದ್ದು ಆ ಕಾರಣಕ್ಕೇ.

ಒಂದು ಸಲ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕ್ರೀಡಾಂಗಣಕ್ಕೆ ಬಂದಿದ್ದರು. ಆಟಗಾರರ ಮನಸ್ಸಿನ ಚಿಕಿತ್ಸೆಯಲ್ಲೇ ಕೂದಲು ಹಣ್ಣಾದವರು. ಕೋಣೆಯೊಳಗೆ ಕಣ್ಣಾಡಿಸಿ, ಸರ್ಟಿಫಿಕೇಟಿನ ಮುಂದೆ ಒಂದು ಗಳಿಗೆ ನಿಂತು, ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ನೀವು ಯಾರ ಕೈಕೆಳಗೆ ಕೆಲಸ ಮಾಡ್ತಿದ್ದೀರಿ?"

"ಯಾರ ಕೈಕೆಳಗೂ ಇಲ್ಲ. ನನಗೆ ನಾನೇ," ಎಂದು ಮೇಷ್ಟ್ರು ನಕ್ಕರು.

ಡಾಕ್ಟರಮ್ಮ ನಗಲಿಲ್ಲ. "ವಾರಕ್ಕೊಂದ್ಸಲ ನನ್ನ ಹತ್ರ ಬನ್ನಿ. ನೋಡಿದ ಮಕ್ಕಳ ವಿಷಯ ಹೇಳಿ. ಯಾವುದು ನಿಮ್ಮ ಕೈಲಾಗುತ್ತೆ, ಯಾವುದು ಆಗಲ್ಲ, ಕೂತು ನೋಡೋಣ. ಎರಡು ವರ್ಷ ಆದ್ಮೇಲೆ ಪರೀಕ್ಷೆ ಬರೀರಿ, ನೋಂದಣಿ ಮಾಡಿಸಿಕೊಳ್ಳಿ."

"ಈ ವಯಸ್ಸಲ್ಲಿ ಮತ್ತೆ ಬ್ಯಾಗು ಹೆಗಲಿಗೆ ಹಾಕ್ಕೊಳ್ಲಾ ಡಾಕ್ಟ್ರೇ? ನಾನು ಪರೀಕ್ಷೆಗೆ ಓದ್ತಾ ಕೂತ್ರೆ ಈ ಮಕ್ಕಳ ಕೈ ಹಿಡಿಯೋರು ಯಾರು? ನಿಮ್ಮ ಆಸ್ಪತ್ರೆ ಗೇಟು ನೋಡಿದ್ರೇ ಹೆದರ್ತಾವೆ. 'ನಂಗೇನು ತಲೆ ಕೆಟ್ಟಿದ್ಯಾ' ಅಂತಾವೆ. ನನ್ನ ಹತ್ರ ಆದ್ರೆ ಓಡಿ ಬರ್ತಾವೆ."

"ನಿಜ. ಅದಕ್ಕೇ ನೋಡಬೇಡಿ ಅಂತಿಲ್ಲ. ಒಂಟಿಯಾಗಿ ನೋಡಬೇಡಿ ಅಂತಿದ್ದೀನಿ. ನಾನೂ ಈಗಲೂ ಇನ್ನೊಬ್ಬ ಹಿರಿಯರ ಮುಂದೆ ಹೋಗಿ ಕೂರ್ತೀನಿ."

"ಆಗಲಿ, ನೋಡೋಣ," ಎಂದರು ಮೇಷ್ಟ್ರು. ಅವರ ನಂಬರನ್ನೂ ಫೋನಿಗೆ ಹಾಕಿಕೊಂಡರು. ನೋಡೋಣ ಅಂದರೆ ಏನರ್ಥ ಅಂತ ನಮಗೆಲ್ಲ ಗೊತ್ತಿರುವುದೇ. ಡಾಕ್ಟರಮ್ಮ ಹೋದ ಮೇಲೆ ಮೇಷ್ಟ್ರಿಗೆ ಒಳಗೊಳಗೇ ಚುಚ್ಚಿದಂತಾಯಿತು. ಇಷ್ಟು ವರ್ಷ ಬೆವರು ಸುರಿಸಿದ ತನಗೆ, ಮೈದಾನಕ್ಕೆ ಕಾಲಿಡದವರು ಪಾಠ ಹೇಳುವುದಾ ಅನ್ನಿಸಿತು.

ಆ ವರ್ಷವೇ ಚಿಗರೆ ಅವರ ಬಳಿ ಬರತೊಡಗಿದ್ದು.

ದೂರದ ಓಟದ ಹುಡುಗಿ ಅವಳು. ಕಾಲು ನೆಲ ಮುಟ್ಟಿತೋ ಇಲ್ಲವೋ ಎಂಬಂತೆ ಜಿಂಕೆಯ ಹಾಗೆ ಓಡುತ್ತಿದ್ದುದಕ್ಕೆ ಎಲ್ಲರೂ ಅವಳನ್ನು ಚಿಗರೆ ಅಂತಲೇ ಕರೆಯುತ್ತಿದ್ದರು. ಅಪ್ಪ ಇಲ್ಲ. ಅಮ್ಮ ದರ್ಜಿ, ಮನೆಯ ಮುಂಭಾಗದಲ್ಲೇ ಒಂದು ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಕೋಚ್ ಪ್ರತಿ ವಾರ ಎಲ್ಲರ ಎದುರೇ ಮಕ್ಕಳ ತೂಕ ನೋಡುತ್ತಿದ್ದರು. "ಇನ್ನೊಂಚೂರು ಇಳಿಸಮ್ಮ ಚಿಗರೆ, ದೊಡ್ಡ ತಂಡದಲ್ಲಿ ನಿನ್ನ ಜಾಗ ಗಟ್ಟಿ," ಎಂದಿದ್ದರು. ಅವರು ಅಂದದ್ದು ಅಷ್ಟೇ. ಅದು ಹುಡುಗಿಯ ತಲೆಯೊಳಗೆ ಹೊಕ್ಕು ಕೂತಿತು.

ಒಂದು ಬೆಳಿಗ್ಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ತುಂಬ ಹೊತ್ತು ಬೆರಳಿನ ನೆಟಿಗೆ ಮುರಿಯುತ್ತಿದ್ದಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಮೇಷ್ಟ್ರೇ, ನಾನು ಸರಿಯಾಗಿ ಊಟ ಮಾಡಿ ತಿಂಗಳುಗಳೇ ಆಯ್ತು. ಅಮ್ಮನ ಎದುರು ತಿಂತೀನಿ, ಆಮೇಲೆ ಹೋಗಿ ವಾಂತಿ ಮಾಡ್ತೀನಿ. ಬೇಕು ಅಂತ ಅಲ್ಲ, ಈಗ ನಿಲ್ಲಿಸೋಕೇ ಆಗ್ತಿಲ್ಲ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಒಂದೊಂದ್ಸಲ ಎದೆ ತಾಳ ತಪ್ಪಿದ ಹಾಗೆ ಹೊಡ್ಕೊಳುತ್ತೆ."

ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಪುಟ್ಟಾ, ಅಮ್ಮಂಗೆ ಗೊತ್ತಾ?"

"ಬೇಡ ಮೇಷ್ಟ್ರೇ! ಕೋಚ್ ಸರ್‌ಗಂತೂ ಬೇಡವೇ ಬೇಡ, ತಂಡದಿಂದ ತೆಗೆದುಬಿಡ್ತಾರೆ. ನೀವು ಮಾತು ಕೊಟ್ಟಿದ್ದೀರಿ."

"ಹಾಗಲ್ಲ ಕಂದಾ. ಡಾಕ್ಟರಮ್ಮ ಒಬ್ರಿದ್ದಾರೆ, ಒಂದ್ಸಲ ಹೋಗಿ ಬರೋಣ..."

ಹುಡುಗಿ ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. "ಹಾಗಾದ್ರೆ ನಾಳೆಯಿಂದ ನಾನು ಇಲ್ಲಿಗೂ ಬರಲ್ಲ. ನಿಮಗೂ ಏನೂ ಹೇಳಲ್ಲ."

ಮೇಷ್ಟ್ರು ಸೋತರು. "ಕೂತ್ಕೋ, ಕೂತ್ಕೋ. ಯಾರಿಗೂ ಹೇಳಲ್ಲ," ಎಂದರು. ತಮಗೆ ಗೊತ್ತಿದ್ದುದನ್ನೇ ಕಲಿಸಿದರು. ತಟ್ಟೆಯ ಮುಂದೆ ಕೂತಾಗ ಹೇಗೆ ನಿಧಾನವಾಗಿ ಉಸಿರಾಡಬೇಕು, ಕೆಟ್ಟ ಯೋಚನೆ ಬಂದಾಗ ಯಾವ ಒಳ್ಳೆಯ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಗೆಲ್ಲುವ ಚಿತ್ರವನ್ನು ಹೇಗೆ ಕಣ್ಮುಂದೆ ತಂದುಕೊಳ್ಳಬೇಕು. ಸೋಲಿನ ಭಯಕ್ಕೆ ಕೊಡುವ ಮದ್ದನ್ನು ಅವರು ಪ್ರಾಣ ತೆಗೆಯುವ ಕಾಯಿಲೆಗೆ ಕೊಟ್ಟರು. ವ್ಯತ್ಯಾಸ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಕೇಳುವ ಅಭ್ಯಾಸವೂ ಇರಲಿಲ್ಲ.

ಕೇಳಬೇಕು ಅಂತ ಅನ್ನಿಸಲಿಲ್ಲ ಅಂತಲ್ಲ. ಹುಡುಗಿ ಹೋದ ಮೇಲೆ ಫೋನು ತೆಗೆದು ಡಾಕ್ಟರಮ್ಮನ ನಂಬರನ್ನು ಹುಡುಕಿದರು. ಹುಡುಗಿಯ ಹೆಸರು ಹೇಳದೆ ಕೇಳಬಹುದಿತ್ತು. ಆದರೆ 'ಅಂದು ಬನ್ನಿ ಅಂದಾಗ ಬರಲಿಲ್ಲ, ಈಗ ಕಷ್ಟ ಬಂತು ಅಂತ ನೆನಪಾದೆನಾ' ಅಂದುಬಿಟ್ಟರೆ? ಅವರು ಹಾಗೆ ಅನ್ನುವವರಲ್ಲ ಅಂತ ಗೊತ್ತಿದ್ದರೂ ಬೆರಳು ಮುಂದಕ್ಕೆ ಹೋಗಲಿಲ್ಲ. ಮುಂದಿನ ವಾರ ಮಾಡೋಣ, ಅಷ್ಟರಲ್ಲಿ ಹುಡುಗಿಯೇ ಸುಧಾರಿಸಿಕೊಂಡಾಳು ಅಂದುಕೊಂಡರು. ಹುಡುಗಿಯೂ ಬಂದಾಗಲೆಲ್ಲ "ಈಗ ಪರವಾಗಿಲ್ಲ ಮೇಷ್ಟ್ರೇ, ನಿನ್ನೆ ತಿಂದೆ," ಎನ್ನುತ್ತಿದ್ದಳು. ಅವರಿಗೆ ನಂಬಬೇಕಿತ್ತು, ನಂಬಿದರು.

ಆಯ್ಕೆಯ ಓಟಕ್ಕೆ ಸ್ವಲ್ಪ ದಿನ ಇರುವಾಗ, ಒಂದು ಸಾಧಾರಣ ಬೆಳಗು. ಮೇಷ್ಟ್ರು ಯಾರದೋ ತಮಾಷೆಗೆ ನಗುತ್ತಿದ್ದರು. ಹೊರಗೆ ಸೀಟಿ ಊದಿದ ಸದ್ದು, ಒಂದರ ಮೇಲೊಂದು, ನಿಲ್ಲಿಸದೆ. ಅವರು ಓಡಿ ಹೋಗುವಷ್ಟರಲ್ಲಿ ಟ್ರ್ಯಾಕಿನ ತಿರುವಿನಲ್ಲಿ ಮಕ್ಕಳು ಗುಂಪುಗೂಡಿದ್ದರು. ಕೋಚ್ ಮಂಡಿಯೂರಿ ಚಿಗರೆಯ ಎದೆ ಒತ್ತುತ್ತಿದ್ದರು, "ಏಳಮ್ಮಾ, ಏಳೇ ತಾಯಿ," ಎಂದು ಗೋಗರೆಯುತ್ತಿದ್ದರು. ಅವಳು ಏಳಲಿಲ್ಲ. ಅಯ್ಯೋ, ಅಷ್ಟು ಹಗುರಾಗಿದ್ದಳು ಆ ಹುಡುಗಿ, ಆಂಬುಲೆನ್ಸಿನವರು ಒಬ್ಬರೇ ಎತ್ತಿಕೊಂಡು ಹೋದರು.

ಊಟವಿಲ್ಲದೆ, ವಾಂತಿಯಾಗಿ ಆಗಿ, ರಕ್ತದಲ್ಲಿನ ಲವಣವೆಲ್ಲ ಕುಸಿದು ಹೃದಯ ನಿಂತಿದೆ ಎಂದರು ಆಸ್ಪತ್ರೆಯವರು. ಕೋಚ್ ತೂಕದ ಯಂತ್ರವನ್ನು ತಾವೇ ಹೊತ್ತುಕೊಂಡು ಹೋಗಿ ಎಲ್ಲೋ ಎಸೆದು ಬಂದರು. ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, "ಇಳಿಸು ಅಂದ ಪಾಪಿ ನಾನು. ಆದ್ರೆ ಹೀಗೆ ಅಂತ ಒಂದು ಮಾತು ಗೊತ್ತಿದ್ದಿದ್ರೆ ಓಟವನ್ನೇ ಬಿಡಿಸ್ತಿದ್ದೆ ಕಣ್ರೀ. ಯಾರಿಗೂ ಗೊತ್ತಾಗ್ಲಿಲ್ವಲ್ಲ," ಎಂದು ಅತ್ತರು. ಮೇಷ್ಟ್ರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೆಲವು ದಿನಗಳ ನಂತರ ಚಿಗರೆಯ ಅಮ್ಮ ಮಗಳ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಶೂ ಜೋಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಕೋಣೆಗೂ ಬಂದು, ಮಗಳು ಕೂರುತ್ತಿದ್ದ ಕುರ್ಚಿಯಲ್ಲೇ ಕೂತಳು.

"ನಿಮ್ಮ ಹೆಸರು ಹೇಳದ ದಿನ ಇರ್ಲಿಲ್ಲ ಮೇಷ್ಟ್ರೇ. ನಮ್ಮ ಮೇಷ್ಟ್ರು, ನಮ್ಮ ಮೇಷ್ಟ್ರು ಅಂತ. ನಿಮಗೊಂದು ಕೈ ಮುಗಿದು ಹೋಗೋಣ ಅಂತ ಬಂದೆ." ಸ್ವಲ್ಪ ತಡೆದು ಕೇಳಿದಳು. "ನನಗೆ ಏನೂ ಹೇಳ್ಲಿಲ್ಲ ಅವಳು. ನಿಮ್ಮ ಹತ್ರ ಏನಾದ್ರೂ..."

ಇಲ್ಲ ಅಂದುಬಿಡಬಹುದಿತ್ತು. ಗುಟ್ಟು ಕಾಪಾಡುವುದು ನನ್ನ ಧರ್ಮ ಅಂತಲೂ ಅನ್ನಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಮೇಷ್ಟ್ರು ಆ ತಾಯಿಯ ಮುಖ ನೋಡಿದರು.

"ಹೇಳಿದ್ಲು ತಾಯಿ. ಎಲ್ಲಾ ಹೇಳಿದ್ಲು. ಊಟ ಬಿಟ್ಟಿದ್ದು, ವಾಂತಿ, ಎದೆ ಹೊಡ್ಕೊಳ್ಳೋದು, ಎಲ್ಲಾ. ನಿಮಗೆ ಹೇಳ್ಬೇಡಿ ಅಂದ್ಲು. ನಾನು ಹೇಳ್ಲಿಲ್ಲ."

ಅವಳು ಸೆರಗಿನೊಳಗಿನ ಶೂಗಳತ್ತ ನೋಡಿದಳು.

"ಓಡೋ ಚಡ್ಡಿ ಸೊಂಟ ಸಡಿಲ ಆಯ್ತು ಅಂತ ತರ್ತಿದ್ಲು," ಎಂದಳು. "ನಾನೇ ಹಿಡಿದು ಹೊಲಿದುಕೊಡ್ತಿದ್ದೆ. ಮತ್ತೆ ತರ್ತಿದ್ಲು, ಮತ್ತೆ ಹಿಡೀತಿದ್ದೆ. ಓಡೋ ಹುಡ್ಗೀರು ಹೀಗೇ ಇರ್ತಾರೇನೋ ಅಂದ್ಕೊಂಡೆ. ನಾನು ಓದಿಲ್ಲ, ನನಗೆ ತಿಳೀಲಿಲ್ಲ." ಅವಳ ದನಿ ಒಡೆಯಿತು. "ಮಗು ಅದು ಮೇಷ್ಟ್ರೇ. ಮಗು ಹೇಳ್ಬೇಡಿ ಅಂತಾನೇ ಅನ್ನುತ್ತೆ. ದೊಡ್ಡೋರು ನೀವಿದ್ರಲ್ಲ. ಒಂದು ಮಾತು ಅಂದಿದ್ರೆ ಎತ್ಕೊಂಡು ಆಸ್ಪತ್ರೆಗೆ ಓಡ್ತಿದ್ನಲ್ಲ. ನಾನು ಅವಳ ತಾಯಿ ಅಲ್ವಾ?"

ಅವಳು ಕೈ ಮುಗಿಯಲಿಲ್ಲ. ಶೂಗಳನ್ನು ಎದೆಗವಚಿಕೊಂಡು ಹೊರಟುಹೋದಳು.

ಮಧ್ಯಾಹ್ನ ಕೋಚ್‌ಗೂ ನಿಜ ಹೇಳಿದರು ಮೇಷ್ಟ್ರು. "ಇನ್ನು ನಾನು ಮಕ್ಕಳನ್ನ ನೋಡಲ್ಲ. ನೋಡೋ ಯೋಗ್ಯತೆ ಬಂದಾಗ ಬರ್ತೀನಿ, ಬರದಿದ್ರೆ ಇಲ್ಲ," ಎಂದರು. ಕೋಚ್ ಅವರನ್ನೇ ದಿಟ್ಟಿಸಿದರು, ಬಯ್ಯಲೂ ಇಲ್ಲ, ತಡೆಯಲೂ ಇಲ್ಲ.

ಡಾಕ್ಟರಮ್ಮನ ಕೋಣೆಯ ಹೊರಗೆ ಮೇಷ್ಟ್ರು ತಮ್ಮ ಸರದಿಗಾಗಿ ಕಾದು ಕೂತರು. ಒಳಗೆ ಕರೆದಾಗ, "ಕಲಿಯೋಕೆ ಬಂದೆ," ಎಂದಷ್ಟೇ ಹೇಳಿದರು. ಡಾಕ್ಟರಮ್ಮನಿಗೆ ವಿಷಯ ಗೊತ್ತಿತ್ತು. ಅಂದೇ ಬರಬಾರದಿತ್ತಾ ಅಂತ ಅನ್ನಲಿಲ್ಲ.

"ಮೊದಲಿಂದ ಹೇಳಿ. ಅವಳೇನಂದ್ಲು, ನೀವೇನಂದ್ರಿ. ಯಾವುದನ್ನೂ ತಿದ್ದಬೇಡಿ," ಎಂದರು.

ಮೇಷ್ಟ್ರು ಹೇಳುತ್ತಾ ಹೋದರು. ಹುಡುಗಿ ಬಾಗಿಲು ಹಾಕಿಕೊಂಡದ್ದು, ನೆಟಿಗೆ ಮುರಿದದ್ದು, ಒಂದೇ ಉಸಿರಿಗೆ ಎಲ್ಲ ಹೇಳಿದ್ದು. ಅಲ್ಲಿಗೆ ಡಾಕ್ಟರಮ್ಮ ಕೈಯೆತ್ತಿ ತಡೆದರು.

"ಯಾರಿಗೂ ಹೇಳದ್ದನ್ನ ನಿಮಗೆ ಹೇಳಿದ್ಲು. ಆಗ ನಿಮಗೇನನ್ನಿಸ್ತು?"

"ಭಯ ಆಯ್ತು."

"ಭಯ ಅಷ್ಟೇನಾ?"

ಮೇಷ್ಟ್ರು ತಲೆ ತಗ್ಗಿಸಿದರು. ಆಸ್ಪತ್ರೆಯ ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರನ್ನೋ ಕೂಗಿ ಕರೆಯುತ್ತಿದ್ದರು.

"ಖುಷಿ ಆಯ್ತು ಡಾಕ್ಟ್ರೇ," ಎಂದರು ಕಡೆಗೆ. "ಹೆತ್ತ ತಾಯಿಗೂ ಹೇಳದ್ದನ್ನ ನನಗೆ ಹೇಳಿದ್ಲಲ್ಲ ಅಂತ, ಒಳಗೊಳಗೇ ಖುಷಿ ಆಯ್ತು." ಅಷ್ಟು ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಡಾಕ್ಟರಮ್ಮ ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ ನೀರು ತಂದು ಮುಂದಿಟ್ಟು, ಮತ್ತೆ ಎದುರಿಗೆ ಕೂತರು.

"ಆಮೇಲೆ?" ಎಂದರು.

ಮೇಷ್ಟ್ರು ಕಣ್ಣೊರೆಸಿಕೊಂಡು ಮುಂದಿನದನ್ನು ಹೇಳತೊಡಗಿದರು.