ಗಂಗವ್ವನ ಮನೆಯ ಖಾರದ ಕೋಳಿ ನೂಡಲ್ಸ್

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿ ಸುತ್ತಲಿನ ಹೆಂಗಸರಿಗೆ ಕೈತುಂಬ ಕೆಲಸ. ಮೋಟೆಬೆನ್ನೂರಿನ ಗಂಗಾ ಕೂಡ ಮುಂಜಾನೆ ಬುತ್ತಿ ಕಟ್ಟಿಕೊಂಡು ಬ್ಯಾಡಗಿಗೆ ಹೋಗಿ, ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಹೊತ್ತು ಮುಳುಗುವಾಗ ಮನೆಗೆ ಬರುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಕೈ ಖಾರವಾದರೆ ಬಾಯಿಗೇನು ಎಂಬುದನ್ನು ಮಾತ್ರ ಹೇಳಲು ಮರೆತಿದ್ದಾರೆ. ಉರಿಯುವ ಕೈಯಲ್ಲಿ ಕಾದ ಹಂಚಿನ ಮುಂದೆ ಕೂತು ರೊಟ್ಟಿ ಬಡಿದವರಿಗೇ ಗೊತ್ತು ಆ ಕಷ್ಟ.

ಹಾಗಾಗಿ ಅವಳ ಗಂಡ ಮೈಲೇಶ ಒಂದು ಸುಲಭದ ದಾರಿ ಕಂಡುಕೊಂಡಿದ್ದ. ಟಂಟಂ ಆಟೋ ಓಡಿಸುವ ಅವನು ಸಂಜೆ ಬರುವಾಗ ಹೆದ್ದಾರಿ ಪಕ್ಕದ ಗಾಡಿಯಿಂದ ಕೆಂಪಗೆ ಹೊಳೆಯುವ ಚಿಕನ್ ನೂಡಲ್ಸ್ ಕಟ್ಟಿಸಿಕೊಂಡು ಬರುತ್ತಿದ್ದ. ಮಗಳು ಮಧುಗೆ ಅದೆಂದರೆ ಪ್ರಾಣ. ಅತ್ತೆ ಶೇಖವ್ವ ಮಾತ್ರ ಕಟಕ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿಕೊಂಡು, ಒಲೆಯ ಕಡೆ ನೋಡಿ ಗೊಣಗುತ್ತಿದ್ದಳು.

ಸುಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ಮಧು ಎರಡನೇ ಸಲ ಹಾಸಿಗೆ ಹಿಡಿದಳು. ವಾಂತಿ, ಭೇದಿ, ಹೊಟ್ಟೆನೋವು. ಡಾಕ್ಟರು ಔಷಧಿ ಬರೆದುಕೊಟ್ಟು, ಸಂಜೆ ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಗಂಗಾ ಹೇಳಿದಳು.

"ತೆರೆದಿಟ್ಟ ಕೋಳಿ, ಮತ್ತ ಮತ್ತ ಕಾಸಿದ ಎಣ್ಣಿ, ಮ್ಯಾಲ ಬಣ್ಣದ ಪುಡಿ. ಸಣ್ಣ ಹೊಟ್ಟಿ ಎಷ್ಟಂತ ತಡಕೋತೈತಿ? ಮನ್ಯಾಗ ಬಿಸಿ ಬಿಸಿ ಮಾಡಿ ಹಾಕ್ರಿ," ಎಂದರು ಡಾಕ್ಟರು.

ಗಂಗಾಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಮಗಳು ಮತ್ತೆ ಹಾಸಿಗೆ ಹಿಡಿಯಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದುದು. ಆದರೆ ಎದ್ದು ಕೂತ ದಿನವೇ ಮಧು ರೊಟ್ಟಿ ಪಲ್ಯ ಸರಿಸಿ, "ನನಗ ಕೆಂಪು ನೂಡಲ್ಸ್ ಬೇಕು," ಎಂದು ಹಟ ಹಿಡಿದಳು.

ಪಕ್ಕದ ಮನೆಯ ಜೈತೂನಬಿ ಗಂಗಾಳ ಜೊತೆಯೇ ತೊಟ್ಟು ಬಿಡಿಸಲು ಬರುವವಳು. ಅವಳ ಗಂಡ ಚಮನಸಾಬನದು ಕೋಳಿ ಅಂಗಡಿ. ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಗಂಗಾ ಅವಳ ಮುಂದೆ ತನ್ನ ಗೋಳು ತೋಡಿಕೊಂಡಳು.

"ಅದಕ್ಯಾಕ ಅಳತಿ ತಂಗಿ? ಮನ್ಯಾಗ ಮಾಡು. ಅರ್ಧ ತಾಸಿನ ಕೆಲಸ," ಎಂದಳು ಜೈತೂನಬಿ.

ಒಳಗಿನಿಂದ ಶೇಖವ್ವನ ದನಿ ಬಂತು. "ಅರ್ಧ ತಾಸಿನಾಗ ಕೋಳಿ? ಮಸಾಲಿ ಹುರಿಬೇಕು, ಅರಿಬೇಕು, ಕುದಿಸಬೇಕು. ಐತವಾರ ಪೂರ್ತಿ ಅದಕ್ಕ ಹೋಗತೈತಿ."

"ಅದು ಎಲುಬಿನ ಸಾರಿಗೆ ದೊಡ್ಡವ್ವ. ಎಲುಬಿಲ್ಲದ ತುಣುಕು ಸಣ್ಣಗ ಕೊಯ್ದರ ಲಗೂ ಬೇಯತೈತಿ."

"ಮತ್ತ ಆ ಕೆಂಪು ಬಣ್ಣಾ ಎಲ್ಲಿಂದ ತರೋದು?" ಗಂಗಾ ಕೇಳಿದಳು.

ಜೈತೂನಬಿ ನಕ್ಕಳು. "ನೀ ಬ್ಯಾಡಗಿ ಸೀಮಿಯಾಕಿ ಹೌದಲ್ಲೋ? ನಾವು ತೊಟ್ಟು ಬಿಡಿಸಿದ ಕಾಯಿ ಎಲ್ಲೆಲ್ಲೋ ಹೋಗಿ ಅಡಿಗಿಗೆ ಬಣ್ಣಾ ಕೊಡತೈತಿ. ನಾವು ನೋಡಿದ್ರ ಬಣ್ಣದ ಪುಡಿ ತಿಂದು ದವಾಖಾನಿಗೆ ಹೊಂಟೇವಿ. ಡಬ್ಬಿ ಅಂತಾರಲ್ಲ, ಆ ದುಂಡನ ಬ್ಯಾಡಗಿ ಕಾಯಿ ಬಿಸಿನೀರಾಗ ನೆನಸಿ, ಬೆಳ್ಳೊಳ್ಳಿ, ಹಸಿ ಶುಂಠಿ ಹಾಕಿ ಅರಿ. ಬಣ್ಣಾ ಜಾಸ್ತಿ, ಖಾರ ಕಡಿಮಿ."

ಮರುದಿನ ಸಂಜೆ ಗಂಗಾ ಉತ್ಸಾಹದಿಂದ ಒಲೆ ಹೊತ್ತಿಸಿದಳು. ಆದರೆ ಸಾರು ಮಾಡಿ ರೂಢಿಯಾದ ಕೈ ಸಾರನ್ನೇ ಮಾಡುತ್ತದೆ. ಕೋಳಿ ಮಸಾಲೆಗೆ ತಂಬಿಗೆ ನೀರು ಸುರಿದು, ಅದು ಕುದಿಯುವಾಗ ನೂಡಲ್ಸ್ ಮುರಿದು ಹಾಕಿ, ಮೇಲೆ ಮುಚ್ಚಳ ಮುಚ್ಚಿಬಿಟ್ಟಳು. ಮುಚ್ಚಳ ತೆಗೆದರೆ ಎಲ್ಲವೂ ಮುದ್ದೆಯಾಗಿ ಪಾತ್ರೆಗೆ ಅಂಟಿಕೊಂಡಿತ್ತು.

ಮಧು ತಾಟು ಸರಿಸಿದಳು. "ಇದು ನೂಡಲ್ಸ್ ಅಲ್ಲ. ಅಪ್ಪಾ, ಗಾಡೀದು ತಾ."

ಮೈಲೇಶ ಟಂಟಂ ಕೀಲಿಗೆ ಕೈ ಹಾಕಿದ. ಇಷ್ಟು ಮಾಡಿಯೂ ಮಗಳ ಹೊಟ್ಟೆಗೆ ಮತ್ತೆ ಅದೇ ಹೋಗುತ್ತದಲ್ಲ ಎಂದು ಗಂಗಾಳ ಕಣ್ಣಲ್ಲಿ ನೀರು ಬಂತು.

"ಈ ನೂಡಲ್ಸೇ ಚಲೋ ಇಲ್ಲ," ಎಂದಳು.

"ಕುಣಿಲಾರದಾಕಿ ನೆಲಾ ಡೊಂಕು ಅಂದ್ಲಂತ," ಎನ್ನುತ್ತಾ ಶೇಖವ್ವ ಎದ್ದು ಬಂದು ಪಾತ್ರೆಯೊಳಗೆ ಇಣುಕಿದಳು. ನಗಬೇಕೆಂದೇ ಬಂದಿದ್ದಳು. ಆದರೆ ಆ ಮುದ್ದೆ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಅಲ್ಲಬೇ ಗಂಗಾ, ಶಾವಗಿ ಯಾರರ ಸಾರಿನಾಗ ಕುದಸ್ತಾರೇನು?"

"ಇದು ಶಾವಗಿ ಅಲ್ರಿ ಅತ್ತಿ, ನೂಡಲ್ಸ್."

"ಹೆಸರು ಏನರ ಇರಲಿ. ಗೋದಿ ಹಿಟ್ಟಿನ ಎಳಿ ಹೌದಲ್ಲೋ? ಬ್ಯಾಸಿಗ್ಯಾಗ ಶಾವಗಿ ಹೊಸೆದು, ಒಣಗಿಸಿ, ಬಸದು ಈ ಓಣಿಗೆಲ್ಲ ಉಣ್ಣಿಸಿದಾಕಿ ನಾನು. ಮೈಲೇಶ, ಕೀಲಿ ಇಡು. ಇವತ್ತ ಮೊಸರನ್ನ ಉಣ್ರಿ. ನಾಳೆ ಬಸಿಯೋ ಕೆಲಸ ನಂದು."

ಮಾರನೆಯ ದಿನ ಗಂಗಾ, ಜೈತೂನಬಿ ಹೇಳಿದಂತೆ, ಕೆಲಸಕ್ಕೆ ಕೂರುವ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಳು. ಸಂಜೆ ಮತ್ತೆ ಎಣ್ಣೆ ತಿಕ್ಕಿ ಸಾಬೂನಿನಿಂದ ತೊಳೆದಳು. ಉರಿ ಎಷ್ಟೋ ಕಡಿಮೆಯಾಗಿತ್ತು. ಆದರೂ ಉಳ್ಳಾಗಡ್ಡಿ, ಗಜ್ಜರಿ, ಕ್ಯಾಬೇಜು ಹೆಚ್ಚುವ ಕೆಲಸ ಮೈಲೇಶನ ಪಾಲಿಗೆ ಬಂತು. ಉಳ್ಳಾಗಡ್ಡಿಗೆ ಅವನು ಅತ್ತದ್ದನ್ನು ನೋಡಿ ಮಧು ಬಿದ್ದು ಬಿದ್ದು ನಕ್ಕಳು.

ಜೈತೂನಬಿ ಕೋಳಿ ತಂದುಕೊಟ್ಟು ಬಾಗಿಲಲ್ಲೇ ನಿಂತಳು. "ಕಾಯಿಪಲ್ಲೆ ಎಲ್ಲಾ ಹೆಚ್ಚಿದ ಮ್ಯಾಲೇ ಹಸಿ ಕೋಳಿ ಮುಟ್ಟು. ಮುಟ್ಟಿದ ಮ್ಯಾಲೆ ಕೈ, ಚಾಕು, ಹೆಚ್ಚೋ ಮಣಿ ಎಲ್ಲಾ ಸಾಬೂನು ಹಚ್ಚಿ ತೊಳಿ. ತುಣುಕು ಒಡದು ನೋಡು. ಒಳಗ ಕೆಂಪು ಇರಬಾರದು."

ಒಂದು ಒಲೆಯ ಮೇಲೆ ನೀರು ಮರಳುತ್ತಿತ್ತು. ಶೇಖವ್ವ ನೂಡಲ್ಸ್ ಹಾಕಿ, ಒಂದು ಎಳೆ ತೆಗೆದು ಬೆರಳಲ್ಲಿ ಹಿಚುಕಿ ನೋಡಿದಳು. ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು, ತಣ್ಣೀರು ಹಾಯಿಸಿ, ಎಣ್ಣೆ ಸವರಿ ಹರವಿದಳು. ಎಳೆಗೆ ಎಳೆ ಬೇರೆಯಾಗಿತ್ತು. ಇನ್ನೊಂದು ಒಲೆಯಲ್ಲಿ ಗಂಗಾ ನೆನೆಸಿ ಅರೆದ ಮೆಣಸಿನಕಾಯಿ ಮಸಾಲೆ ಹುರಿದು ಕೋಳಿ ಬೇಯಿಸಿದಳು. ಕಾಯಿಪಲ್ಲೆ ಹಾಕಿದಳು. ಕೊನೆಗೆ ನೂಡಲ್ಸ್ ಸುರಿದು, ಉಪ್ಪು, ಕರಿಮೆಣಸಿನ ಪುಡಿ ಉದುರಿಸಿ, ಲಿಂಬೆಹಣ್ಣು ಹಿಂಡಿ ಮೇಲೆ ಕೆಳಗೆ ಮಾಡಿದಳು. ಬೋಗುಣಿಯ ತುಂಬ ಕೆಂಪು ಏರಿತು. ಘಮ ಓಣಿಗೆ ಹೋಯಿತು.

ಎಲ್ಲರೂ ಮಧುವಿನ ಮುಖವನ್ನೇ ನೋಡುತ್ತಿದ್ದರು. ಹುಡುಗಿ ಒಂದು ತುತ್ತು ತಿಂದಳು. ಮತ್ತೊಂದು ತಿಂದಳು. ಮೂಗು ಒರೆಸಿಕೊಂಡು, "ಅವ್ವ, ಇನ್ನಷ್ಟು ಹಾಕು," ಎಂದಳು.

ಗಂಗಾ ಗೆದ್ದಿದ್ದಳು. ಆ ಸಂತೋಷಕ್ಕೆ ಒಂದು ಸೌಟು ಹೆಚ್ಚೇ ಹಾಕಿದಳು. ಮೈಲೇಶ ತಾಟು ನೆಕ್ಕಿದ. ಶೇಖವ್ವ ತನ್ನ ರೊಟ್ಟಿ ಬದಿಗಿಟ್ಟು, "ನನಗೂ ಒಂದೀಟು ಹಾಕು. ಬಸದಾಕಿ ನಾನು," ಎಂದು ತಾಟು ಒಡ್ಡಿದಳು.

ಸುಗ್ಗಿ ಮುಗಿಯುವವರೆಗೂ ಮಧು ಹೊಟ್ಟೆ ಕೆಟ್ಟು ಶಾಲೆ ತಪ್ಪಿಸಲಿಲ್ಲ. ವಾರಕ್ಕೊಮ್ಮೆ ಕೋಳಿ ನೂಡಲ್ಸ್, ಉಳಿದ ದಿನ ಅನ್ನ ಸಾರು, ಉಪ್ಪಿಟ್ಟು ಅವಸರವಿಲ್ಲದೆ ಆಗುತ್ತಿದ್ದವು. ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದು ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಮಹಿಳಾ ಸಂಘದ ಸಭೆಯಲ್ಲಿ ಶೇಖವ್ವ ಈಗ ಮುಂದೆ ಕೂತು ಭಾಷಣ ಮಾಡುತ್ತಾಳೆ. "ಅರ್ಧ ತಾಸು ಸಾಕು, ನಾ ಮೊದಲಿಂದಲೂ ಹೇಳತಿದ್ದೆ," ಎನ್ನುತ್ತಾಳೆ. ಜೈತೂನಬಿ ಪಕ್ಕದಲ್ಲಿ ಕೂತು ಸೆರಗಿನ ಮರೆಯಲ್ಲಿ ನಗುತ್ತಾಳೆ.

ಅಕ್ಕಂದಿರೇ, ದಣಿದು ಬಂದ ಸಂಜೆ ಗಾಡಿಯ ನೆನಪಾಗುವುದು ತಪ್ಪಲ್ಲ. ಆದರೆ ನಿಮ್ಮ ಡಬ್ಬಿಯಲ್ಲೇ ಒಳ್ಳೆಯ ಮೆಣಸಿನಕಾಯಿ ಇದೆ, ಮನೆಯಲ್ಲೇ ಶಾವಿಗೆ ಬಸಿಯಬಲ್ಲ ಹಿರಿಯರಿದ್ದಾರೆ. ಕೋಳಿ ತಿನ್ನದವರು ಮೊಳಕೆ ಕಾಳು ಹಾಕಿರಿ. ಸ್ವಚ್ಛವಾಗಿ ಮಾಡಿರಿ, ಬಿಸಿ ಇರುವಾಗಲೇ ಉಣ್ಣಿರಿ. ಅಣ್ಣಂದಿರೇ, ನೀವೂ ಚಾಕು ಹಿಡಿದು ಉಳ್ಳಾಗಡ್ಡಿ ಹೆಚ್ಚಲು ಕೂರಿರಿ. ಎರಡು ಹನಿ ಕಣ್ಣೀರು ಬಂದರೆ ಬರಲಿ, ನಾಳೆ ನಿಮ್ಮ ಮಗು ನಗುತ್ತಾ ಶಾಲೆಗೆ ಹೋಗುತ್ತದೆ.