ನನ್ನ ಆರು ಪದರ

ನಾನು ಸುಶೀಲಾಬಾಯಿ ಟೀಚರರ ಎಡಗಾಲಿನ ಚಪ್ಪಲಿ. ಬಲಗಾಲಿಗೂ ಒಬ್ಬಳಿದ್ದಾಳೆ. ಆದರೆ ಕಥೆ ಹೇಳಬೇಕಾದವಳು ನಾನೇ, ಏಕೆಂದರೆ ಪೆಟ್ಟು ತಿಂದವಳು ನಾನು.

ಧಾರವಾಡದಲ್ಲಿ ನಮ್ಮನ್ನು ಹೊಲಿದಾಗ ಬಲಗಾಲಿನವಳ ಅಟ್ಟೆಗೆ ಎರಡು ಪದರ ತೊಗಲು ಹಾಕಿದರು, ನನಗೆ ಆರು. ಜೊತೆಯವಳ ಪಕ್ಕದಲ್ಲಿ ನನ್ನ ದಪ್ಪ ನೋಡಿ ಹುಟ್ಟಿದ ದಿನವೇ ಗಾಬರಿಯಾದೆ. ಬಾಯಿಯವರು ಕಾಲಿಟ್ಟ ಮೇಲೆ ತಿಳಿಯಿತು: ಚಿಕ್ಕಂದಿನ ಪೋಲಿಯೊದಿಂದ ಅವರ ಎಡಗಾಲು ಒಂದಿಂಚು ಗಿಡ್ಡ. ನಾನಿದ್ದರೆ ನೆಟ್ಟಗೆ ನಡೆಯುತ್ತಾರೆ, ಇಲ್ಲದಿದ್ದರೆ ಗೋಡೆ ಹಿಡಿಯಬೇಕು. ಆಮೇಲೆ ನನಗೆ ತುಸು ಸೊಕ್ಕೂ ಬಂತು.

ಬಾಯಿಯವರು ಮೂವತ್ತು ವರ್ಷ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ತಂಗಿ ಕುಮುದಾಳೊಡನೆ ಮೊರಾಕ್ಕೊ ದೇಶಕ್ಕೆ ಹೊರಟರು. ಅಲ್ಲಿ ಬೆಟ್ಟದ ಮೈಯಲ್ಲಿ ಶೆಫ್‌ಶಾವೆನ್ ಎಂಬ ಹಳೆಯ ಊರಿದೆ. ಅದರ ಮೇಲಿನ ಗುಡ್ಡ ಹತ್ತಿ ಇಡೀ ಊರನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವರ ಆಸೆ.

ಊರನ್ನು ಕಂಡು ನಾನು ದಂಗಾದೆ. ಗೋಡೆ ನೀಲಿ, ಬಾಗಿಲು ನೀಲಿ, ಮೆಟ್ಟಿಲೂ ನೀಲಿ! ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಊರಿಗೇ ಹಾಕಿ ಹಿಂಡಿದ್ದರು. ಇಂಥ ನೆಲವನ್ನು ತುಳಿಯುವುದಕ್ಕೂ ನನಗೆ ಸಂಕೋಚ.

ಗುಡ್ಡ ಹತ್ತುವ ಮೊದಲು ನಮ್ಮ ಜೊತೆಗಿದ್ದ ಗೈಡ್ ನೇಕಾರ ಹೆಂಗಸೊಬ್ಬಳ ಮನೆಗೆ ಚಹಾ ಕುಡಿಯಲು ಕರೆದೊಯ್ದ. ಅವನು ಮುಂದೆ ಹೋಗಿ ಹೊಸ್ತಿಲ ಒಳಗೆ ಬೂಟು ಬಿಚ್ಚಿದ. ಬಾಯಿಯವರು ಅದನ್ನು ನೋಡಲಿಲ್ಲ.

"ಚಪ್ಪಲಿ ಹೊರಗ ಬಿಡಬೇಕವಾ, ಮಂದಿ ಮನಿ ಅದ," ಎಂದು ಓಣಿಯಲ್ಲೇ ನಮ್ಮನ್ನು ಬಿಟ್ಟು ಗೋಡೆ ಹಿಡಿದು ಒಳಗೆ ಹೋದರು. ಕುಮುದಾಳ ಕಾಲಲ್ಲಿದ್ದದ್ದು ಬೂಟು. ಅವಳು ಒಳಗೇ ಬಿಚ್ಚಿದಳು.

ಆ ಓಣಿಯಲ್ಲಿ ಬಾಗಿಲ ಹೊರಗೆ ಚಪ್ಪಲಿ ಇಟ್ಟರೆ ರಿಪೇರಿಗೆ ಇಟ್ಟಂತೆ ಎಂದು ನನಗೇನು ಗೊತ್ತು! ಎದುರಿನ ಅಂಗಡಿಯಿಂದ ಚಪ್ಪಲಿ ಹೊಲಿಯುವ ಮುದುಕ ಅಬ್ದೆಸ್ಸಲಾಮ್ ಬಂದು ನಮ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ. ಕಳ್ಳ, ಕಳ್ಳ ಎಂದು ಅರಚಿದೆ. ಚಪ್ಪಲಿಯ ಕೂಗು ಯಾರಿಗೆ ಕೇಳೀತು?

ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದ, ಲೊಚಗುಟ್ಟಿದ. ಯಾವನೋ ದಡ್ಡ ಒಂದಕ್ಕೆ ಸುಮ್ಮನೆ ತೊಗಲು ಮೆತ್ತಿದ್ದಾನೆ ಎಂದುಕೊಂಡಿರಬೇಕು. ಚೂರಿ ಹಿಡಿದು ಒಂದು ಪದರ ಕಿತ್ತ. ಇನ್ನೊಂದು. ಮತ್ತೊಂದು. ನಾಲ್ಕು ಕಿತ್ತ! ನನ್ನ ಜೀವ ಬಾಯಿಗೆ ಬಂತು. ಆಮೇಲೆ ಎಣ್ಣೆ ಸವರಿ, ಮಿರಿಮಿರಿ ಉಜ್ಜಿ, ಮತ್ತೆ ಅದೇ ಬಾಗಿಲಲ್ಲಿ ತಂದಿಟ್ಟ.

ಬಾಯಿಯವರು ಹೊರಬಂದು ನಮ್ಮನ್ನು ಮೆಟ್ಟಿ ಒಂದು ಮೆಟ್ಟಿಲು ಇಳಿದರು. ಧೊಪ್ಪನೆ ಬಿದ್ದರು.

"ನನ್ನ ಕಾಲಿಗೆ ಏನಾತ ಕುಮುದಾ?"

ಕುಮುದಾ ನನ್ನನ್ನು ಎತ್ತಿ ನೋಡಿದಳು. "ಕಾಲಿಗಲ್ಲಕ್ಕಾ. ಯಾರೋ ಚಪ್ಪಲಿ ಕೊಯ್ದಾರ!"

ಹೊಗಳಿಕೆ ಕೇಳಲು ನಗುತ್ತಾ ಬಂದ ಅಬ್ದೆಸ್ಸಲಾಮನಿಗೆ ಗೈಡ್ ವಿಷಯ ತಿಳಿಸಿದ. ಮುದುಕನ ಮುಖ ಸುಣ್ಣವಾಯಿತು.

"ಗುಡ್ಡ ಹತ್ತೂದು ಇಲ್ಲಿಗೇ ಮುಗೀತು," ಎಂದು ಬಾಯಿಯವರು ಅತ್ತುಬಿಟ್ಟರು. ನನ್ನ ಕಾಲದಲ್ಲಿ ಅವರು ಅತ್ತಿದ್ದನ್ನು ನಾನು ಕಂಡಿರಲಿಲ್ಲ.

ಆಗ ಮುದುಕ ಮೆಟ್ಟಿಲ ಮೇಲೆ ಕುಳಿತು ಅವರ ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಬ್ಯಾಡ್ರಿ! ಕಾಲು ಹಿಡೀಬ್ಯಾಡ್ರಿ!" ಬಾಯಿಯವರು ಹೌಹಾರಿದರು. ನನಗೂ ಗಾಬರಿ. ನಮ್ಮಲ್ಲಿ ಅಳತೆ ಎಂದರೆ ಅಂಗಳದಲ್ಲಿ ಕಾಗದ ಹಾಸಿ ಎಳೆದ ಪೆನ್ಸಿಲ್ ಗೆರೆ. ಅವರ ಕಾಲನ್ನು ಯಾರೂ ಮುಟ್ಟಿದ್ದಿಲ್ಲ, ಅವರು ಮುಟ್ಟಗೊಟ್ಟಿದ್ದೂ ಇಲ್ಲ. ಮುದುಕ ಬಿಡಲಿಲ್ಲ. ಅವರನ್ನು ಎಬ್ಬಿಸಿ ನಿಲ್ಲಿಸಿ, ಹಿಮ್ಮಡಿಯ ಕೆಳಗೆ ತೊಗಲ ತುಂಡುಗಳನ್ನು ಒಂದೊಂದಾಗಿ ಇಡುತ್ತಾ, ಎರಡೂ ಮೊಣಕಾಲು ಸಮ ಆಗುವವರೆಗೆ ನೋಡಿದ. ಒಂದು ತಾಸಿನಲ್ಲಿ ನನಗೆ ಹಳದಿ ತೊಗಲಿನ ನಾಲ್ಕು ಪದರ ಹೊಲಿದ.

ಬಾಯಿಯವರು ನನ್ನನ್ನು ಮೆಟ್ಟಿ ನೆಟ್ಟಗೆ ನಿಂತರು. ಹಿರಿಯರಿಗೆ ಕಾಲು ತಾಗಿತಲ್ಲ ಎಂದು ಅವನ ಭುಜ ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅವನು ತನ್ನ ಎದೆಯ ಮೇಲೆ ಕೈಯಿಟ್ಟ. ಸಂಜೆಯೊಳಗೆ ನಾವು ಗುಡ್ಡ ಹತ್ತಿದೆವು.

ನಮ್ಮೂರಿಗೆ ಮರಳಿ ಕೆಲವು ವರ್ಷವಾಯಿತು. ಈಗ ನನ್ನ ಉಂಗುಟ ಹರಿದಿದೆ, ಮೂಲೆ ಸೇರಿದ್ದೇನೆ. ಮೊನ್ನೆ ಹೊಸ ಜೋಡಿಗೆ ಅಳತೆ ತೆಗೆಯಲು ಚಪ್ಪಲಿ ಹೊಲಿಯುವ ಯಮನಪ್ಪ ಬಂದು ಅಂಗಳದಲ್ಲೇ ನಿಂತು ಕಾಗದ ಬಿಚ್ಚಿದ.

"ಕಾಗದ ಬ್ಯಾಡ ಯಮನಪ್ಪಾ. ಮ್ಯಾಲೆ ಬಾ, ಕುರ್ಚಿ ಮ್ಯಾಲೆ ಕೂಡು," ಎಂದು ಬಾಯಿಯವರು ಕಾಲು ಮುಂದೆ ಚಾಚಿದರು. "ಹಿಡದು ನೋಡು."

ಯಮನಪ್ಪ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಬಾಯಿಯವರು ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.